ಭಾಷೆಯರಿಯದ ಸಂಗ್ರಾಹಕ: ಕರ್ನಲ್ ಮೆಕೆಂಜಿ ಮತ್ತು ಅವನ ದುಭಾಷಿಗಳ ಆಯ್ಕೆ

ಕೈಫಿಯತ್ತುಗಳನ್ನು ಆಕರವಾಗಿ ಬಳಸುವ ಕನ್ನಡದ ಸಂಶೋಧಕರಿಗೆ ಕರ್ನಲ್ ಕಾಲಿನ್ ಮೆಕೆಂಜಿಯ ಹೆಸರು ಹೊಸದಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1994ರಲ್ಲಿ ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಕರ್ನಾಟಕದ ಕೈಫಿಯತ್ತುಗಳನ್ನು ಪ್ರಕಟಿಸಿದ ಮೇಲೆ ಈ ಹೆಸರು ನಮ್ಮ ಅಧ್ಯಯನಗಳಲ್ಲಿ ಮತ್ತಷ್ಟು ಸಾಮಾನ್ಯವಾಗಿದೆ. ಆದರೆ ಮೆಕೆಂಜಿಯನ್ನು ಸಂಗ್ರಾಹಕನೆಂದು ಕರೆಯುವಾಗ ಒಂದು ಮೂಲಭೂತ ಸಂಗತಿ ಮರೆಯಾಗುತ್ತದೆ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ತೆಲುಗು, ತಮಿಳು, ಮರಾಠಿ, ಸಂಸ್ಕೃತಗಳೂ ಬರುತ್ತಿರಲಿಲ್ಲ. ತಾನು ಓದಲಾರದ ಗ್ರಂಥಗಳನ್ನು, ತಾನು ಕೇಳಿ ಅರಿಯಲಾರದ ಮಾತುಗಳನ್ನು ಅವನು ಜೀವನವಿಡೀ ಸಂಗ್ರಹಿಸಿದನು. ಆದ್ದರಿಂದ ಅವನ ಜೀವನವನ್ನು ದುಭಾಷಿಗಳನ್ನು ಆಯ್ದುಕೊಂಡು ಅವರನ್ನು ನಂಬಿ ಕೆಲಸ ಮಾಡಿದವನ ಜೀವನವೆಂದು ನೋಡುವ ಅಗತ್ಯವಿದೆ. ಭಾಷೆಯನ್ನು ಅರಿಯದವನು ಭಾಷೆಯನ್ನು ಅರಿತವನ ಯೋಗ್ಯತೆಯನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಯ ಹಿನ್ನೆಲೆಯಲ್ಲಿ ಆ ಜೀವನವನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೆಕೆಂಜಿಯು 1754ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೊವೇ ಎಂಬಲ್ಲಿ ಜನಿಸಿದನು. ಅಲ್ಲಿಯೇ ಸುಂಕದ ಅಧಿಕಾರಿಯಾಗಿ ಕೆಲವು ವರ್ಷ ದುಡಿದು, 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿ ಮದರಾಸಿಗೆ ಬಂದನು. ಗಣಿತದಲ್ಲಿ ಅವನಿಗೆ ಮೊದಲಿನಿಂದಲೂ ಒಲವಿತ್ತು. ಲಾಗರಿದಮ್ಮನ್ನು ರೂಪಿಸಿದ ಜಾನ್ ನೇಪಿಯರನ ವಂಶದವರಿಗಾಗಿ ಹಿಂದೂ ಗಣಿತದ ಬಗ್ಗೆ ಮಾಹಿತಿ ಕೂಡಿಸುವ ಆಸಕ್ತಿಯಿಂದ ಅವನು ಮಧುರೆಗೆ ಹೋಗಿದ್ದನು. ಆ ವಂಶದ ಹೆಸ್ಟರ್ ಜಾನ್‌ಸ್ಟನ್ನಳ ಮನೆಯಲ್ಲಿ ಅಲ್ಲಿನ ಬ್ರಾಹ್ಮಣ ವಿದ್ವಾಂಸರ ಪರಿಚಯ ಅವನಿಗೆ ದೊರೆಯಿತು. ಈ ಪರಿಚಯವು ಕುತೂಹಲವನ್ನು ಕೆರಳಿಸಿತೇ ಹೊರತು ಸಾಧನವನ್ನು ಒದಗಿಸಲಿಲ್ಲ. ಮುಂದಿನ ಹತ್ತಾರು ವರ್ಷಗಳು ಯುದ್ಧ, ಕೋಟೆ, ರಸ್ತೆಗಳ ಕೆಲಸದಲ್ಲಿಯೇ ಕಳೆದವು.

ಆ ಕಾಲದ ಮದರಾಸಿನಲ್ಲಿ ದುಭಾಷಿಯನ್ನು ನೇಮಿಸಿಕೊಳ್ಳುವುದು ಅಪರೂಪದ ಸಂಗತಿಯಾಗಿರಲಿಲ್ಲ. ಹಡಗಿನಿಂದ ಇಳಿದ ಪ್ರತಿಯೊಬ್ಬ ಯುರೋಪಿಯನ್ನನಿಗೂ ಒಬ್ಬ ದುಭಾಷಿ ಬೇಕಾಗಿದ್ದನು. ದುಭಾಷಿ ಎಂದರೆ ಮಾತನ್ನು ತಿರುಗಿಸಿ ಹೇಳುವವನಷ್ಟೇ ಅಲ್ಲ. ಮನೆಯ ಲೆಕ್ಕ, ಸಾಲದ ವ್ಯವಹಾರ, ಆಳುಕಾಳುಗಳ ನೇಮಕ, ಸರಕಿನ ಖರೀದಿ ಎಲ್ಲವೂ ಅವನ ಕೈಯಲ್ಲೇ ಇರುತ್ತಿದ್ದವು. ಯಜಮಾನನಿಗೆ ಊರಿನ ಭಾಷೆ ಬಾರದಿರುವುದೇ ದುಭಾಷಿಯ ಬಲವಾಗಿತ್ತು. ಈ ಬಲ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ 1792ರಲ್ಲಿ ಮದರಾಸಿನಲ್ಲಿ ನಡೆದ ಅವಧಾನಂ ಪಾಪಯ್ಯನ ವಿಚಾರಣೆ ಪ್ರಸಿದ್ಧ ನಿದರ್ಶನ. ಗವರ್ನರನ ಬಳಗಕ್ಕೆ ಆಪ್ತನಾಗಿದ್ದ ಈ ದುಭಾಷಿಯು ಡೇವಿಡ್ ಹ್ಯಾಲಿಬರ್ಟನ್ ಎಂಬ ಅಧಿಕಾರಿಯ ವಿರುದ್ಧ ಸಂಚು ನಡೆಸಿದನೆಂಬ ಆಪಾದನೆಯ ಮೇಲೆ ಶಿಕ್ಷೆಗೆ ಒಳಗಾದನು. ಈ ಪ್ರಕರಣದ ತರುವಾಯ ದುಭಾಷಿ ಎಂಬ ಪದಕ್ಕೆ ಇಂಗ್ಲಿಷರ ನಡುವೆ ಅಂಟಿದ್ದ ಸಂಶಯ ಇನ್ನಷ್ಟು ಗಟ್ಟಿಯಾಯಿತು.

ಇದೇ ಸಂಶಯವು ಬಂಗಾಳದಲ್ಲಿ ಬೇರೊಂದು ಹಾದಿಯನ್ನು ತೋರಿಸಿತ್ತು. ಕಲ್ಕತ್ತೆಯ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸನು ಧರ್ಮಶಾಸ್ತ್ರದ ವಿಷಯದಲ್ಲಿ ಪಂಡಿತರ ಮಾತನ್ನೇ ಅವಲಂಬಿಸಬೇಕಾದ ಸ್ಥಿತಿಯನ್ನು ಒಪ್ಪದೆ 1785ರಲ್ಲಿ ಸಂಸ್ಕೃತ ಕಲಿಯಲು ತೊಡಗಿದನು. ದುಭಾಷಿಯ ಮೇಲಿನ ಅವಲಂಬನೆಯಿಂದ ಪಾರಾಗಲು ತಾನೇ ಭಾಷೆಯನ್ನು ಕಲಿಯುವುದು ಅವನು ಕಂಡುಕೊಂಡ ಪರಿಹಾರ. ಮೆಕೆಂಜಿಯ ಮುಂದೆ ಒಂದು ಭಾಷೆಯಿರಲಿಲ್ಲ. ಹತ್ತಾರು ಭಾಷೆ, ಅದಕ್ಕೂ ಹೆಚ್ಚಿನ ಲಿಪಿಗಳಿದ್ದವು. ಜೋನ್ಸನ ಹಾದಿ ಅವನಿಗೆ ಸಾಧ್ಯವಿರಲಿಲ್ಲ. ಅವನು ಕಲಿಯಬೇಕಾಗಿದ್ದುದು ಮನುಷ್ಯರನ್ನು ಆಯ್ದುಕೊಳ್ಳುವ ವಿದ್ಯೆಯನ್ನು.

ಮೊದಲ ಆಯ್ಕೆ ನಡೆದುದು ಆಕಸ್ಮಿಕವಾಗಿ. 1796ರಲ್ಲಿ ಸಿಂಹಳದ ದಂಡಯಾತ್ರೆ ಮುಗಿಸಿ ಮರಳಿದ ಮೇಲೆ ಕಾವಲಿ ವೆಂಕಟ ಬೊರ್ರಯ್ಯ ಎಂಬ ತರುಣನು ಅವನ ಸಂಪರ್ಕಕ್ಕೆ ಬಂದನು. ಏಲೂರಿನ ನಿಯೋಗಿ ಬ್ರಾಹ್ಮಣ ಕುಟುಂಬದ ಈ ತರುಣನಿಗೆ ತೆಲುಗು, ಸಂಸ್ಕೃತ, ಇಂಗ್ಲಿಷುಗಳ ಪರಿಚಯವಿದ್ದಿತು. ಆಗ ಅವನಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಯಾವ ಪರೀಕ್ಷೆಯೂ ನಡೆಯದೆ ದೊರೆತ ಈ ಸಹಾಯಕನೇ ತನಗೆ ಭಾರತೀಯ ಜ್ಞಾನದ ಬಾಗಿಲನ್ನು ತೆರೆದವನೆಂದು ಮೆಕೆಂಜಿಯು 1817ರಲ್ಲಿ ಅಲೆಕ್ಸಾಂಡರ್ ಜಾನ್‌ಸ್ಟನ್ನನಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ತನಗೆ ಭಾಷೆಗಳ ಜ್ಞಾನವಿಲ್ಲವೆಂಬುದನ್ನೂ, ಯೋಜನೆಗಿಂತ ಆಕಸ್ಮಿಕವೇ ಈ ಸಂಬಂಧಕ್ಕೆ ಕಾರಣವೆಂಬುದನ್ನೂ ಅವನು ಅದೇ ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ವಸಾಹತು ಕಾಲದ ಅಧಿಕಾರಿಯೊಬ್ಬನಲ್ಲಿ ಇಂತಹ ಒಪ್ಪಿಗೆ ವಿರಳವಾದುದು.

1799ರ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣ ಪತನಗೊಂಡಿತು. ಮುತ್ತಿಗೆಯಲ್ಲಿ ಇಂಜಿನಿಯರನಾಗಿ ಪಾಲ್ಗೊಂಡಿದ್ದ ಮೆಕೆಂಜಿಗೆ ಮೈಸೂರು ಸೀಮೆಯ ಸರ್ವೇಕ್ಷಣೆಯ ಹೊಣೆಯನ್ನು ವಹಿಸಲಾಯಿತು. ಸುಮಾರು ಒಂದು ದಶಕ ನಡೆದ ಈ ಕಾರ್ಯವು 40,000 ಚದರ ಮೈಲಿಗಳನ್ನು ವ್ಯಾಪಿಸಿತು. ಸರಕಾರಕ್ಕೆ ಬೇಕಾಗಿದ್ದುದು ಗಡಿ, ರಸ್ತೆ, ಕೆರೆ, ಹಳ್ಳಿಗಳ ನಕ್ಷೆ. ಮೆಕೆಂಜಿಯು ಇದರೊಂದಿಗೆ ಪ್ರತಿಯೊಂದು ಸ್ಥಳದ ಚರಿತ್ರೆ, ಶಾಸನ, ಪಾಳೆಯಗಾರರ ವಂಶಾವಳಿ, ದೇವಾಲಯ ಹಾಗೂ ಮಠಗಳ ವೃತ್ತಾಂತಗಳನ್ನೂ ಕೂಡಿಸತೊಡಗಿದನು. ಈ ಎರಡನೆಯ ಕೆಲಸಕ್ಕೆ ಸರಕಾರದ ಹಣ ಸಾಲುತ್ತಿರಲಿಲ್ಲ. ದುಭಾಷಿಗಳಿಗೂ ಲಿಪಿಕಾರರಿಗೂ ಅವನು ಸ್ವಂತ ಹಣವನ್ನು ವ್ಯಯಿಸಬೇಕಾಯಿತು. ಮೆಕೆಂಜಿಯು ಸಂಗ್ರಹಕಾರ್ಯಕ್ಕಾಗಿ 15,000 ಪೌಂಡುಗಳಿಗಿಂತ ಹೆಚ್ಚು ಖರ್ಚು ಮಾಡಿದ್ದನೆಂದು ಜಾನ್‌ಸ್ಟನ್ನನು 1832ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದನು. ಸಂಬಳ ಕೊಡುವ ಕೈ ಸ್ವತಃ ತನ್ನದೇ ಆದುದರಿಂದ ಆಯ್ಕೆಯ ಹೊಣೆಯೂ ಅವನದೇ ಆಯಿತು.

ಮೈಸೂರು ಸೀಮೆಯಲ್ಲಿ ದುಭಾಷಿಯ ಕೆಲಸವು ಮದರಾಸಿನ ದುಭಾಷಿತನಕ್ಕಿಂತ ಕಠಿಣವಾಗಿತ್ತು. ದೊರೆತನ ಬದಲಾದ ಹೊಸತರಲ್ಲಿ ಅಪರಿಚಿತರು ಬಂದು ಮಾನ್ಯ, ಇನಾಮು, ಉಂಬಳಿಗಳ ಕಾಗದಪತ್ರ ಕೇಳಿದರೆ ಗೌಡ, ಶ್ಯಾನುಭೋಗ, ಅರ್ಚಕರಿಗೆ ಭಯವಾಗುವುದು ಸಹಜ. ಭೂಮಿಯನ್ನು ಕಸಿದುಕೊಳ್ಳಲು ಅಥವಾ ಕಂದಾಯವನ್ನು ಏರಿಸಲು ಈ ವಿಚಾರಣೆ ನಡೆಯುತ್ತಿದೆಯೆಂಬ ಅನುಮಾನವನ್ನು ಸಹಾಯಕರು ಅನೇಕ ಕಡೆ ಎದುರಿಸಬೇಕಾಯಿತು. ಇಂತಹ ಸಂದರ್ಭದಲ್ಲಿ ಪದಕ್ಕೆ ಪದ ಹೊಂದಿಸುವ ಸಾಮರ್ಥ್ಯವೊಂದೇ ಸಾಲದು. ಎದುರಿಗಿರುವವನು ಓಲೆಗರಿಯ ಕಟ್ಟನ್ನು ಬಿಚ್ಚುವಂತೆ ಮಾಡುವ ನಡೆನುಡಿ ಬೇಕು. ಬೊರ್ರಯ್ಯನಲ್ಲಿ ಮೆಕೆಂಜಿಯು ಮೆಚ್ಚಿಕೊಂಡುದು ಈ ಗುಣವನ್ನೇ. ವಿವಿಧ ಜಾತಿ ಪಂಗಡಗಳ ಜನರನ್ನು ಒಲಿಸಿಕೊಂಡು ಮಾಹಿತಿ ಪಡೆಯುವ ಅವನ ಕೌಶಲದ ಮೇಲೆಯೇ ಸರ್ವೇಕ್ಷಣೆಯ ಚರಿತ್ರೆಯ ಭಾಗ ನಿಂತಿತ್ತು. ಹಳಗನ್ನಡ ಲಿಪಿಯ ಶಾಸನವನ್ನು ಓದುವಷ್ಟು ಪರಿಶ್ರಮವನ್ನೂ ಬೊರ್ರಯ್ಯ ಸಾಧಿಸಿಕೊಂಡನು. ಜೈನ ಗುರುವೊಬ್ಬನಿಂದ ಅವನು ಕೇಳಿ ಅನುವಾದಿಸಿದ ಜೈನಧರ್ಮದ ವಿವರಗಳು ಏಷಿಯಾಟಿಕ್ ರಿಸರ್ಚಸ್ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ ಅವನ ಹೆಸರಿನೊಂದಿಗೇ ಅಚ್ಚಾದವು. ಆ ವೇಳೆಗೆ ಅವನು ಬದುಕಿರಲಿಲ್ಲ. 1803ರಲ್ಲಿ, ಮೂವತ್ತು ತುಂಬುವ ಮೊದಲೇ ಬೊರ್ರಯ್ಯ ತೀರಿಕೊಂಡನು.

ಈ ಮರಣವು ಮೆಕೆಂಜಿಯನ್ನು ಎರಡನೆಯ ಆಯ್ಕೆಗೆ ಒಡ್ಡಿತು. ಅವನು ಬೇರೆ ಯಾರನ್ನೂ ಹುಡುಕದೆ ಬೊರ್ರಯ್ಯನ ತಮ್ಮನಾದ ಲಕ್ಷ್ಮಯ್ಯನನ್ನು ಆ ಸ್ಥಾನಕ್ಕೆ ತಂದನು. ಮತ್ತೊಬ್ಬ ತಮ್ಮ ರಾಮಸ್ವಾಮಿಯೂ ಸೇವೆಯಲ್ಲಿದ್ದನು. ಭಾಷೆಯ ಯೋಗ್ಯತೆಯನ್ನು ಸ್ವತಃ ಅಳೆಯಲಾರದವನು ಈಗಾಗಲೇ ನಂಬಿಕೆ ಗಳಿಸಿದ ಮನೆತನವನ್ನೇ ಪ್ರಮಾಣವಾಗಿ ಸ್ವೀಕರಿಸಿದನೆಂದು ಇದನ್ನು ಅರ್ಥೈಸಬಹುದು. ಇದರಿಂದ ಕೆಲಸ ಮುರಿಯದೆ ಮುಂದುವರಿಯಿತು. ಆದರೆ ಕನ್ನಡ ನಾಡಿನ ಬಹುಭಾಗದ ಸ್ಥಳಚರಿತ್ರೆಯು ಏಲೂರು ಮೂಲದ ಒಂದು ತೆಲುಗು ಬ್ರಾಹ್ಮಣ ಕುಟುಂಬದ ದೃಷ್ಟಿಯ ಮೂಲಕ ಹಾದುಹೋಗುವಂತಾದುದೂ ಇದೇ ಕಾರಣದಿಂದ. ಗೌಡನು ಕನ್ನಡದಲ್ಲಿ ಹೇಳಿದುದು ಕೆಲವೊಮ್ಮೆ ಮರಾಠಿಯ ಮೋಡಿ ಬರಹಕ್ಕೆ ಇಳಿದು, ತೆಲುಗು ಬಲ್ಲ ಸಹಾಯಕನ ತಿಳಿವಳಿಕೆಗೆ ಬಂದು, ಅಲ್ಲಿಂದ ಇಂಗ್ಲಿಷನ್ನು ಸೇರುತ್ತಿತ್ತು. ಈ ಸರಪಳಿಯ ಪ್ರತಿಯೊಂದು ಕೊಂಡಿಯಲ್ಲೂ ಆಯ್ಕೆ, ಬಿಡಿಕೆ, ಒತ್ತುಗಳು ಸಂಭವಿಸುತ್ತವೆ.

ಮೆಕೆಂಜಿಗೆ ಈ ಮಿತಿಯ ಅರಿವು ಇತ್ತೆಂಬುದಕ್ಕೆ ಅವನ ಮೂರನೆಯ ಬಗೆಯ ಆಯ್ಕೆ ಸಾಕ್ಷಿಯಾಗಿದೆ. ಜೈನ ಸಮುದಾಯದ ಗ್ರಂಥಗಳಿಗಾಗಿ ಅವನು ಧರ್ಮಯ್ಯ ಎಂಬ ಜೈನ ಪಂಡಿತನನ್ನು ನೇಮಿಸಿಕೊಂಡನು. ಬಸದಿಯ ಭಂಡಾರಕ್ಕೆ ಜೈನನಲ್ಲದವನಿಗೆ ದೊರೆಯದ ಪ್ರವೇಶ ಧರ್ಮಯ್ಯನಿಗೆ ದೊರೆಯುತ್ತಿತ್ತು. ಅಲ್ಲಿನ ಶಾಸ್ತ್ರಪರಿಭಾಷೆಯೂ ಅವನಿಗೆ ಮನೆಮಾತಾಗಿತ್ತು. ಇಲ್ಲಿ ಆಯ್ಕೆಯ ಮಾನದಂಡವು ಮನೆತನದ ನಂಬಿಕೆಯಿಂದ ವಿಷಯದ ಅರಿವಿನತ್ತ ಸರಿದುದನ್ನು ಗಮನಿಸಬೇಕು. ಕನ್ನಡ ಸಾಹಿತ್ಯ ಚರಿತ್ರೆಗೆ ಇದೇ ಕಾಲದ ಇನ್ನೊಂದು ಭೇಟಿ ಮಹತ್ವದ್ದು. 1804ರಲ್ಲಿ ಕನಕಗಿರಿಯ ದೇವಚಂದ್ರನು ಮೆಕೆಂಜಿಯನ್ನೂ ಅವನೊಂದಿಗೆ ಬಂದಿದ್ದ ಲಕ್ಷ್ಮಯ್ಯನನ್ನೂ ಕಂಡನು. ದೇವಚಂದ್ರನು ಲಕ್ಷ್ಮಣರಾಯನೆಂದು ಕರೆದಿರುವುದು ಈ ಲಕ್ಷ್ಮಯ್ಯನನ್ನೇ. ಸ್ಥಳೀಯ ಚರಿತ್ರೆಯನ್ನು ಬರೆದುಕೊಡಬೇಕೆಂದು ಅಂದು ಬಂದ ಕೇಳಿಕೆಯೇ ಮುಂದೆ 1838ರ ವೇಳೆಗೆ ರೂಪುಗೊಂಡ ರಾಜಾವಳಿ ಕಥೆಗೆ ಪ್ರೇರಣೆಯಾಯಿತು. ದುಭಾಷಿಯೊಬ್ಬನ ನಡುವಿರುವಿಕೆಯಿಂದ ಕನ್ನಡಕ್ಕೆ ದೊರೆತ ಕೃತಿಯಿದು.

ನೇಮಿಸಿಕೊಂಡವರನ್ನು ಮೆಕೆಂಜಿಯು ಸುಮ್ಮನೆ ನಂಬಿ ಕೈಕಟ್ಟಿ ಕೂರಲಿಲ್ಲ. ಏನನ್ನು ಕೇಳಬೇಕೆಂಬ ಪ್ರಶ್ನಾವಳಿಯನ್ನು ಮೊದಲೇ ಸಿದ್ಧಪಡಿಸಿಕೊಟ್ಟನು. ಊರೂರು ಅಲೆಯುವ ಸಹಾಯಕರು ಎಲ್ಲಿ ಹೋದರು, ಯಾರನ್ನು ಕಂಡರು, ಏನು ದೊರೆಯಿತು, ಯಾರು ಕೊಡಲು ನಿರಾಕರಿಸಿದರು ಎಂಬ ವರದಿಗಳನ್ನು ಕಾಲಕಾಲಕ್ಕೆ ಬರೆದು ಕಳುಹಿಸಬೇಕಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅನುವಾದವಾದ ಮೇಲೆ ಮೂಲವನ್ನು ಅವನು ಎಸೆಯಲಿಲ್ಲ. 1828ರಲ್ಲಿ ಎಚ್.ಎಚ್. ವಿಲ್ಸನ್ ಪ್ರಕಟಿಸಿದ ಸೂಚಿಯ ಪ್ರಕಾರ ಸಂಗ್ರಹದಲ್ಲಿ 1,568 ಸಾಹಿತ್ಯಿಕ ಹಸ್ತಪ್ರತಿಗಳು, 2,070 ಸ್ಥಳವೃತ್ತಾಂತಗಳು, 8,076 ಶಾಸನಗಳ ಪ್ರತಿಗಳಿದ್ದವು. ಅನುವಾದಗಳ ಸಂಖ್ಯೆ 2,159. ತಾನು ಪರೀಕ್ಷಿಸಲಾರದುದನ್ನು ಮುಂದಿನವರು ಪರೀಕ್ಷಿಸಲೆಂಬಂತೆ ಮೂಲ ಮತ್ತು ಅನುವಾದಗಳೆರಡನ್ನೂ ಉಳಿಸಿದುದು ಭಾಷೆಯರಿಯದ ಯಜಮಾನನೊಬ್ಬನು ಮಾಡಬಹುದಾದ ಅತ್ಯಂತ ಪ್ರಾಮಾಣಿಕ ಕಾರ್ಯ.

1811ರಿಂದ 1813ರವರೆಗೆ ಮೆಕೆಂಜಿಯು ಜಾವಾದಲ್ಲಿದ್ದನು. ಅಲ್ಲಿಯೂ ಡಚ್ ಹಾಗೂ ಜಾವಾ ಭಾಷೆಗಳ ಕಾಗದಪತ್ರಗಳನ್ನು ಇತರರ ನೆರವಿನಿಂದಲೇ ಸಂಗ್ರಹಿಸಿದನು. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ ನೇಮಕಗೊಂಡನು. ಮರುವರ್ಷ ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಬರೆದ ಭಾವಚಿತ್ರದಲ್ಲಿ ಅವನು ಒಂಟಿಯಾಗಿಲ್ಲ. ಮೂವರು ಭಾರತೀಯರು ಅವನನ್ನು ಸುತ್ತುವರಿದಿದ್ದಾರೆ. ಓಲೆಗರಿ ಹಿಡಿದವನನ್ನು ಧರ್ಮಯ್ಯನೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಹಿನ್ನೆಲೆಯಲ್ಲಿ ಕನ್ನಡ ನಾಡಿನ ಗೊಮ್ಮಟನ ವಿಗ್ರಹವಿದೆ. ಚಿತ್ರದಲ್ಲಿ ಕೆಂಪು ಸಮವಸ್ತ್ರದ ಯಜಮಾನನು ನಡುವೆ ನಿಂತಿದ್ದರೂ ಗ್ರಂಥವಿರುವುದು ಪಂಡಿತನ ಕೈಯಲ್ಲಿ ಎಂಬುದು ಅವರ ಸಂಬಂಧದ ಸ್ವರೂಪವನ್ನು ತಿಳಿಸುತ್ತದೆ.

1817ರಲ್ಲಿ ಮೆಕೆಂಜಿಯು ಸಂಗ್ರಹದೊಂದಿಗೆ ಕಲ್ಕತ್ತೆಗೆ ತೆರಳಿದನು. ಎಲ್ಲವನ್ನೂ ಕ್ರಮಪಡಿಸಿ ಗ್ರಂಥರೂಪಕ್ಕೆ ತರುವ ಅವನ ಬಯಕೆ ಈಡೇರಲಿಲ್ಲ. 1821ರ ಮೇ 8ರಂದು ಅವನು ನಿಧನನಾದನು. ಕಂಪನಿಯು ಸಂಗ್ರಹವನ್ನು ಅವನ ಪತ್ನಿಯಿಂದ ಕೊಂಡುಕೊಂಡಿತು. ಆದರೆ ಸಂಗ್ರಹದ ಒಳಹೊರಗನ್ನು ಬಲ್ಲ ದುಭಾಷಿಗಳ ಮೇಲೆ ಮೆಕೆಂಜಿಯು ಇರಿಸಿದ್ದ ನಂಬಿಕೆಯನ್ನು ಕೊಂಡುಕೊಳ್ಳಲು ಸಾಧ್ಯವಾಗಲಿಲ್ಲ. ಸಂಗ್ರಹಕಾರ್ಯವನ್ನು ಮುಂದುವರಿಸುವುದಾಗಿ ಲಕ್ಷ್ಮಯ್ಯನು ಮನವಿ ಮಾಡಿಕೊಂಡನು. ಈ ಮನವಿ 1836ರಲ್ಲಿ ಏಷಿಯಾಟಿಕ್ ಸೊಸೈಟಿಯ ಪರಿಶೀಲನೆಗೆ ಬಂದಾಗ ಜೇಮ್ಸ್ ಪ್ರಿನ್ಸೆಪ್ ಮೊದಲಾದವರು ಅದನ್ನು ಪುರಸ್ಕರಿಸಲಿಲ್ಲ. ಮಾಹಿತಿ ಕೂಡಿಸಲು ದೇಶೀಯನು ಸಾಕು, ವಿಮರ್ಶೆಗೆ ಯುರೋಪಿಯನ್ನನೇ ಬೇಕು ಎಂಬುದು ಅವರ ನಿಲುವಾಗಿತ್ತು. ಆ ಕೆಲಸ ಮದರಾಸಿನ ಪಾದ್ರಿ ವಿಲಿಯಂ ಟೇಲರನ ಪಾಲಾಯಿತು. ಟೇಲರನ ಕಾಲನಿರ್ಣಯ, ವ್ಯಾಖ್ಯಾನಗಳಲ್ಲಿ ಅನೇಕವನ್ನು ನಂತರದ ವಿದ್ವಾಂಸರು ಒಪ್ಪಲಿಲ್ಲ. ಮೂರು ದಶಕಗಳ ಅನುಭವವುಳ್ಳ ಲಕ್ಷ್ಮಯ್ಯನನ್ನು ಅಳೆಯುವಾಗ ಅವನ ಕೆಲಸವನ್ನು ಬಿಟ್ಟು ಅವನ ಹುಟ್ಟನ್ನು ಪ್ರಮಾಣವಾಗಿ ತೆಗೆದುಕೊಳ್ಳಲಾಯಿತು. ಇತ್ತ ರಾಮಸ್ವಾಮಿಯು 1829ರಲ್ಲಿಯೇ ಕಲ್ಕತ್ತೆಯಲ್ಲಿ ದಖ್ಖನ್ ಕವಿಗಳ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿ, ಅದರಲ್ಲಿ ತನ್ನ ಅಣ್ಣ ಬೊರ್ರಯ್ಯನ ಜೀವನವನ್ನೂ ಸೇರಿಸಿದ್ದನು. ದುಭಾಷಿಗಳು ತಮ್ಮ ಚರಿತ್ರೆಯನ್ನು ತಾವೇ ಬರೆದುಕೊಳ್ಳಬೇಕಾಯಿತೆಂದು ಇದನ್ನು ತಿಳಿಯಬಹುದು.

ಮೆಕೆಂಜಿಯ ಜೀವನದಲ್ಲಿ ದುಭಾಷಿಯ ಆಯ್ಕೆಯು ಆಕಸ್ಮಿಕ, ಮನೆತನ, ಸಮುದಾಯದ ಅರಿವು ಎಂಬ ಮೂರು ಹಂತಗಳಲ್ಲಿ ಸಾಗಿತು. ಮೂರನ್ನೂ ಹಿಡಿದು ನಿಲ್ಲಿಸಿದುದು ದೀರ್ಘಕಾಲದ ಒಡನಾಟದಲ್ಲಿ ಬೆಳೆದ ವಿಶ್ವಾಸ ಮತ್ತು ಮೂಲವನ್ನು ಉಳಿಸುವ ಶಿಸ್ತು. ವಿಶ್ವಾಸವು ವ್ಯಕ್ತಿಗಳ ನಡುವಿನದಾದುದರಿಂದ ಯಜಮಾನನೊಂದಿಗೆ ಅದು ಅಳಿಯಿತು, ಮೂಲಗಳು ಉಳಿದವು. ಕೈಫಿಯತ್ತುಗಳನ್ನು ಇಂದು ಓದುವವರಿಗೆ ಇದರಿಂದ ಒಂದು ಕರ್ತವ್ಯ ಒದಗುತ್ತದೆ. ಕೈಫಿಯತ್ತು ಯಾವ ಊರಿನದು ಎಂದು ಕೇಳುವುದರೊಂದಿಗೆ, ಅದನ್ನು ಯಾರು ಕೇಳಿದರು, ಯಾರು ಬರೆದರು, ಯಾವ ಭಾಷೆಯ ಮೂಲಕ ಅದು ಹಾದುಬಂದಿತು ಎಂಬುದನ್ನೂ ಕೇಳಬೇಕಾಗಿದೆ. ಆಗ ಮಾತ್ರ ಬೊರ್ರಯ್ಯ, ಲಕ್ಷ್ಮಯ್ಯ, ಧರ್ಮಯ್ಯರು ಸಂಗ್ರಾಹಕನ ನೆರಳಿನಿಂದ ಹೊರಬಂದು ಆ ಸಂಗ್ರಹದ ಸಹಕರ್ತೃಗಳಾಗಿ ನಮಗೆ ಕಾಣಿಸುತ್ತಾರೆ.