ಬೀದಿ ಮಕ್ಕಳ ಬಂಧು ಡಾ. ಬರ್ನಾರ್ಡೊ: ಸೇವೆಯೂ ಲೋಪವೂ

ಬೀದಿ ಮಕ್ಕಳಿಗೆ ಆಸರೆ ನೀಡಿದವರಲ್ಲಿ ಇಂಗ್ಲೆಂಡಿನ ಜನ ಇಂದಿಗೂ ಮೊದಲು ನೆನೆಯುವ ಹೆಸರು ಥಾಮಸ್ ಜಾನ್ ಬರ್ನಾರ್ಡೊ. ಅವರ ಸೇವೆ ದೊಡ್ಡದು. ಆಡಳಿತದ ಲೋಪಗಳೂ ಸಣ್ಣವಲ್ಲ. ಮಕ್ಕಳ ಆಶ್ರಮ, ಬೋರ್ಡಿಂಗ್ ನಡೆಸುವವರು ಎರಡನ್ನೂ ತಿಳಿದಿರಬೇಕು.

1845ರ ಜುಲೈ 4ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿ ಜನಿಸಿದ ಬರ್ನಾರ್ಡೊ ಪ್ರೊಟೆಸ್ಟಂಟ್ ಪಂಥದವರು. ಚೀನಾಕ್ಕೆ ಮಿಷನರಿಯಾಗಿ ಹೋಗುವ ಆಸೆಯಿಂದ 1866ರಲ್ಲಿ ಲಂಡನ್‌ಗೆ ಬಂದು ವೈದ್ಯಕೀಯ ಶಿಕ್ಷಣಕ್ಕೆ ಸೇರಿದರು. ಅದೇ ವರ್ಷ ನಗರದ ಪೂರ್ವ ಭಾಗದಲ್ಲಿ ಕಾಲರಾಕ್ಕೆ ಸಾವಿರಾರು ಜನ ಬಲಿಯಾದರು. ತಬ್ಬಲಿ ಮಕ್ಕಳ ಪಾಡು ಕಂಡ ಅವರು ಲಂಡನ್‌ನಲ್ಲೇ ಉಳಿದರು. 1867ರಲ್ಲಿ ಬಡ ಮಕ್ಕಳ ಶಾಲೆಯನ್ನೂ 1870ರಲ್ಲಿ ಸ್ಟೆಪ್ನಿಯಲ್ಲಿ ಹುಡುಗರ ಮನೆಯನ್ನೂ ತೆರೆದರು.

ಒಂದು ರಾತ್ರಿ ಜಾಗವಿಲ್ಲವೆಂದು ಹನ್ನೊಂದು ವರ್ಷದ ಹುಡುಗನೊಬ್ಬನನ್ನು ಹಿಂದೆ ಕಳುಹಿಸಲಾಯಿತು. ಕೆಲವೇ ದಿನಗಳಲ್ಲಿ ಅವನು ಹಸಿವು, ಚಳಿಯಿಂದ ಬೀದಿಯಲ್ಲಿ ಸತ್ತು ಬಿದ್ದಿದ್ದ. ಅಂದಿನಿಂದ ನಿರ್ಗತಿಕ ಮಗುವನ್ನು ಎಂದೂ ಹಿಂದೆ ಕಳುಹಿಸುವುದಿಲ್ಲ ಎಂಬುದು ಆ ಮನೆಯ ನಿಯಮವಾಯಿತು. 1876ರಲ್ಲಿ ಬಾರ್ಕಿಂಗ್‌ಸೈಡ್‌ನಲ್ಲಿ ಹುಡುಗಿಯರಿಗಾಗಿ ಪುಟ್ಟ ಪುಟ್ಟ ಮನೆಗಳ ಒಂದು ಗ್ರಾಮವೇ ಎದ್ದಿತು.

ಆದರೆ ಎಲ್ಲ ಅಧಿಕಾರ ಒಬ್ಬರ ಕೈಯಲ್ಲಿತ್ತು. ಹಣ ಸಂಗ್ರಹಿಸುವವರೂ ಖರ್ಚು ಮಾಡುವವರೂ ಮಗುವಿನ ಭವಿಷ್ಯ ನಿರ್ಧರಿಸುವವರೂ ಅವರೇ. ದೂರುಗಳು ಬಂದು 1877ರಲ್ಲಿ ಪಂಚಾಯಿತಿ ವಿಚಾರಣೆ ನಡೆಯಿತು. ಮುಖ್ಯ ಆರೋಪಗಳಿಂದ ಅವರು ಮುಕ್ತರಾದರು. ಆದರೆ ದಾನಿಗಳ ಕರುಣೆಗಾಗಿ ಮಕ್ಕಳಿಗೆ ಹರಕು ಬಟ್ಟೆಯ ವೇಷ ಹಾಕಿಸಿ ಫೋಟೋ ತೆಗೆಸಿದ್ದು ಟೀಕೆಗೆ ಗುರಿಯಾಯಿತು. ಆ ಬಳಿಕ ಸಂಸ್ಥೆಗೆ ಸಮಿತಿ ಬಂತು.

ಆದರೂ ಸ್ವಭಾವ ಬದಲಾಗಲಿಲ್ಲ. ಮಗುವಿನ ಒಳಿತಿಗೆಂದು ಕೆಲವೊಮ್ಮೆ ಹೆತ್ತವರ ಒಪ್ಪಿಗೆಯಿಲ್ಲದೆಯೂ ಮಕ್ಕಳನ್ನು ಒಯ್ದಿದ್ದನ್ನು ಅವರೇ ಒಪ್ಪಿಕೊಂಡಿದ್ದರು. ಒಬ್ಬ ತಾಯಿ ತನ್ನ ಮಗನನ್ನು ಕಥೋಲಿಕ ಆಶ್ರಮಕ್ಕೆ ಸೇರಿಸಲು ಬಯಸಿದಾಗ ಬರ್ನಾರ್ಡೊ ಒಪ್ಪಲಿಲ್ಲ. ತಾಯಿ ಕಾಗದಕ್ಕೆ ಸಹಿ ಹಾಕಿದ್ದರೂ ಆಕೆಯ ಇಚ್ಛೆಯನ್ನು ಕಡೆಗಣಿಸುವಂತಿಲ್ಲವೆಂದು 1891ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಇನ್ನೊಬ್ಬ ತಾಯಿಯ ಮಗನನ್ನು ಅವರು ಕೆನಡಾಕ್ಕೆ ಹೊರಟಿದ್ದ ವ್ಯಕ್ತಿಯೊಬ್ಬನಿಗೆ ಒಪ್ಪಿಸಿದ್ದರು. ಹುಡುಗನನ್ನು ಹಾಜರುಪಡಿಸಬೇಕೆಂದು ನ್ಯಾಯಾಲಯ ಹೇಳಿದಾಗ ಅವರ ಬಳಿ ವಿಳಾಸವೂ ಇರಲಿಲ್ಲ.

1882ರಿಂದ 1939ರವರೆಗೆ ಈ ಸಂಸ್ಥೆ ಸುಮಾರು 30,000 ಮಕ್ಕಳನ್ನು ಕೆನಡಾಕ್ಕೆ ಕಳುಹಿಸಿತು. ಅನೇಕರು ಅನಾಥರಾಗಿರಲಿಲ್ಲ. ದೂರದ ಹೊಲಮನೆಗಳಲ್ಲಿ ದುಡಿಯುತ್ತಿದ್ದ ಅವರನ್ನು ವಿಚಾರಿಸಲು ಅಧಿಕಾರಿಗಳು ಬರುತ್ತಿದ್ದುದು ಅಪರೂಪ. ಕೆಲವರಿಗೆ ಒಳ್ಳೆಯ ಮನೆ ಸಿಕ್ಕಿತು, ಕೆಲವರಿಗೆ ಹೊಡೆತ ಸಿಕ್ಕಿತು.

1905ರ ಸೆಪ್ಟೆಂಬರ್ 19ರಂದು ಬರ್ನಾರ್ಡೊ ನಿಧನರಾದರು. ಆಗ ಅವರ ಸಂಸ್ಥೆಯ ಆಶ್ರಯದಲ್ಲಿ ಸುಮಾರು 8,000 ಮಕ್ಕಳಿದ್ದರು. ಮಕ್ಕಳನ್ನು ಹೊರದೇಶಗಳಿಗೆ ಕಳುಹಿಸಿದ ಯೋಜನೆಗಳಿಗಾಗಿ 2010ರಲ್ಲಿ ಬ್ರಿಟನ್ನಿನ ಪ್ರಧಾನಿ ಗೋರ್ಡನ್ ಬ್ರೌನ್ ಕ್ಷಮೆ ಯಾಚಿಸಿದರು. ಹೋದ ಮಕ್ಕಳಲ್ಲಿ ಹೆಚ್ಚಿನವರು ಅದನ್ನು ಕೇಳಲು ಉಳಿದಿರಲಿಲ್ಲ.

ಇಂಥ ಯೋಜನೆಗಳಲ್ಲಿ ಕಥೋಲಿಕ ಸಂಸ್ಥೆಗಳೂ ಪಾಲುಗೊಂಡಿದ್ದವು. ಆದ್ದರಿಂದ ಇದು ಬೇರೆಯವರ ತಪ್ಪೆಂದು ನಾವು ಸುಮ್ಮನಿರುವಂತಿಲ್ಲ. ಒಳ್ಳೆಯ ಉದ್ದೇಶವಿದ್ದರೆ ಸಾಲದು. ಲೆಕ್ಕ ಕೇಳುವ ಸಮಿತಿ ಬೇಕು, ಪ್ರತಿ ಮಗುವಿನ ದಾಖಲೆ ಬೇಕು, ಹೆತ್ತವರ ಮಾತಿಗೆ ಬೆಲೆ ಬೇಕು. ಎಲ್ಲಕ್ಕಿಂತ ಮೊದಲು ಮಗು ಏನು ಹೇಳುತ್ತದೆಂದು ಕೇಳುವ ತಾಳ್ಮೆ ನಮಗಿರಬೇಕು.