ಜಾನಿ ಕ್ಯಾಶ್ ಹಾಡು ಗೊತ್ತು, ಎದುರಿಗೆ ಕೂತವರು?

ಜಾನಿ ಕ್ಯಾಶ್ ಅವರ ‘ಅಟ್ ಸ್ಯಾನ್ ಕ್ವೆಂಟಿನ್’ ಆಲ್ಬಂ ಬಂದದ್ದು 1969ರಲ್ಲಿ. 2006ರಲ್ಲಿ ಮರುಬಿಡುಗಡೆಯಾದಾಗ ಜೊತೆಗೊಂದು ಡಿವಿಡಿಯೂ ಇತ್ತು. ಕ್ಯಾಲಿಫೋರ್ನಿಯಾದ ಆ ಜೈಲಿನೊಳಗೆ ನಡೆದ ಕಾರ್ಯಕ್ರಮವನ್ನು ಬ್ರಿಟನ್ನಿನ ಗ್ರಾನಡಾ ಟೆಲಿವಿಷನ್ ಚಿತ್ರೀಕರಿಸಿತ್ತು, ಆ ಸಾಕ್ಷ್ಯಚಿತ್ರ ಅದು. ಹಾಡುಗಳನ್ನು ಎಷ್ಟೋ ಸಲ ಕೇಳಿದ್ದೆ. ಚಿತ್ರ ನೋಡಿದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಎದುರಿಗೆ ಕೂತ ಕೈದಿಗಳ ಮುಖ.

ಕ್ಯಾಶ್ ಹುಟ್ಟಿದ್ದು 1932ರಲ್ಲಿ, ಅರ್ಕಾನ್ಸಾದ ಬಡ ರೈತ ಕುಟುಂಬದಲ್ಲಿ. ಚಿಕ್ಕಂದಿನಲ್ಲೇ ಹೊಲದಲ್ಲಿ ಹತ್ತಿ ಬಿಡಿಸಿದವರು. 1944ರಲ್ಲಿ ಅಣ್ಣ ಜ್ಯಾಕ್ ಗರಗಸಕ್ಕೆ ಸಿಕ್ಕಿ ತೀರಿಕೊಂಡ. ಮುಂದೆ ವಾಯುಪಡೆ ಸೇರಿ, ಜರ್ಮನಿಯಲ್ಲಿ ಕೂತು ಸೋವಿಯತ್ ಮೋರ್ಸ್ ಸಂದೇಶಗಳನ್ನು ಕದ್ದು ಕೇಳುವ ಕೆಲಸ ಮಾಡಿದರು. ಜೈಲಿನ ಹಾಡುಗಳಿಂದ ಹೆಸರಾದ ಈ ಮನುಷ್ಯ ಜೈಲುಶಿಕ್ಷೆ ಅನುಭವಿಸಿದವರೇ ಅಲ್ಲ. ಮಾತ್ರೆಗಳ ಚಟವಿದ್ದ ಕಾಲದಲ್ಲಿ ಕೆಲವು ಸಲ ಬಂಧನವಾಗಿ ಲಾಕಪ್ಪಿನಲ್ಲಿದ್ದರು, ಅಷ್ಟೆ.

ಹಾಗಾದ್ರೆ ಇದು ಕೈದಿಗಳ ನೋವಿನ ವ್ಯಾಪಾರ ಅಲ್ವಾ? ಅನುಮಾನಕ್ಕೆ ಆಧಾರವಿದೆ. ಹಿಂದಿನ ವರ್ಷ ಬಂದ ಫಾಲ್ಸಮ್ ಜೈಲಿನ ಆಲ್ಬಮ್ಮಿನಲ್ಲಿ, ಕೊಲೆಯ ಸಾಲು ಬಂದ ಕೂಡಲೇ ಕೈದಿಗಳು ಕೇಕೆ ಹಾಕುವುದು ಕೇಳಿಸುತ್ತೆ. ಆ ಕೇಕೆ ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು! ಮನೆಯಲ್ಲಿ ಕೂತು ಕೇಳುವವರಿಗೆ ಕೈದಿ ಅಂದರೆ ಕೊಲೆಗೆ ಖುಷಿಪಡುವವನು. ಸ್ಯಾನ್ ಕ್ವೆಂಟಿನ್ ಚಿತ್ರಕ್ಕೂ ಕತ್ತರಿ ಬಿದ್ದಿರುತ್ತೆ, ನಿಜ. ಆದರೆ ಅದರಲ್ಲಿ ಕೈದಿಗಳು, ಕಾವಲುಗಾರರು ತಾವೇ ಮಾತಾಡುತ್ತಾರೆ. ಆ ಜೈಲನ್ನೇ ಶಪಿಸುವ ಹೊಸ ಹಾಡನ್ನು ಕೈದಿಗಳು ಅವತ್ತು ಎರಡು ಸಲ ಹಾಡಿಸಿದರು.

ಕ್ಯಾಶ್ ಅಲ್ಲಿಗೇ ನಿಲ್ಲಲಿಲ್ಲ. 1972ರಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯ ಮುಂದೆ ಜೈಲು ಸುಧಾರಣೆಯ ಪರ ಸಾಕ್ಷ್ಯ ಹೇಳಿದರು. ಫಾಲ್ಸಮ್‌ನಲ್ಲಿ ಗ್ಲೆನ್ ಶರ್ಲಿ ಎಂಬ ಕೈದಿ ಬರೆದ ಹಾಡನ್ನು ಹಾಡಿದ್ದರು. 1971ರಲ್ಲಿ ಆತ ಹೊರಬಂದಾಗ ಕೆಲಸವನ್ನೂ ಕೊಟ್ಟರು. ಆದರೆ ಹೊರಗಿನ ಬದುಕು ಶರ್ಲಿಗೆ ಒಗ್ಗಲಿಲ್ಲ, ಕೊನೆಗೆ ಕ್ಯಾಶ್ ಕೂಡ ಕೆಲಸದಿಂದ ತೆಗೆದರು. 1978ರಲ್ಲಿ ಶರ್ಲಿ ಆತ್ಮಹತ್ಯೆ ಮಾಡಿಕೊಂಡ.

ಕ್ಯಾಶ್ 2003ರಲ್ಲಿ ತೀರಿಕೊಂಡರು. ಅವರ ಕಾಳಜಿ ಸುಳ್ಳು ಅಂತ ನನಗನಿಸಿಲ್ಲ. ಆದರೆ ಒಬ್ಬ ಗಾಯಕನ ಒಳ್ಳೆಯತನದಿಂದ ಜೈಲುಗಳು ಬದಲಾಗಲ್ಲ. ಹಾಡು ಮುಗಿದ ಮೇಲೆ ಅವರು ಗಿಟಾರ್ ಹಿಡಿದು ಗೇಟಿನಿಂದ ಆಚೆ ಬಂದರು, ಚಪ್ಪಾಳೆ ತಟ್ಟಿದವರು ಸೆಲ್ಲಿಗೆ ವಾಪಸ್ಸಾದರು.