ಬಾಡಿಗೆದಾರರೇ ಧಣಿಗಳಾದಾಗ

ಬಾಡಿಗೆ ಮನೆಯ ಗೋಳು ಯಾರಿಗೆ ಗೊತ್ತಿಲ್ಲ ಸ್ವಾಮಿ? ತಿಂಗಳ ಒಂದನೇ ತಾರೀಕಿಗೆ ಧಣಿ ಬಾಗಿಲಲ್ಲಿ ಹಾಜರ್. ಮಾಡು ಸೋರ್ತದೆ ಅಂತ ಹೇಳಿ ನೋಡಿ, ಆಸಾಮಿ ನಾಪತ್ತೆ! ಈ ರೋಗಕ್ಕೆ ನೂರು ವರ್ಷಕ್ಕೂ ಹಿಂದೆಯೇ ಮದ್ದು ಅರೆದವರು ರಾವ್ ಬಹದ್ದೂರ್ ಶ್ರೀಪಾದ ಸುಬ್ಬರಾವ್ ತಾಲ್ಮಕಿ. ಸಹಕಾರಿ ರಂಗದಲ್ಲಿ ದೊಡ್ಡ ಹೆಸರು. ನಮ್ಮ ಕರಾವಳಿಗೆ ಮಾತ್ರ ಮರೆತೇ ಹೋಗಿದೆ.

ತಾಲ್ಮಕಿಯವರು ಶಿರಾಲಿಯ ಚಿತ್ರಾಪುರ ಮಠದ ಸಾರಸ್ವತ ಸಮಾಜದವರು. 1862ರಲ್ಲಿ ಉತ್ತರ ಕನ್ನಡ ಮದರಾಸು ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತಷ್ಟೆ. ಓದಿದ ಹುಡುಗರು ಕೆಲಸ ಹುಡುಕಿ ಮುಂಬಯಿ ದಾರಿ ಹಿಡಿದರು. ಸಿಕ್ಕಿದ್ದು ಗುಮಾಸ್ತಗಿರಿ, ಜೊತೆಗೆ ಚಾಳಿನ ಕತ್ತಲೆ ಕೋಣೆ. 1896ರಲ್ಲಿ ಪ್ಲೇಗು ಬಂದಾಗ, ಇಕ್ಕಟ್ಟಿನ ವಸತಿ ಎಂದರೆ ಸಾವಿಗೆ ಆಹ್ವಾನ ಎಂಬುದು ಎಲ್ಲರಿಗೂ ಮನದಟ್ಟಾಯಿತು.

ತಾಲ್ಮಕಿ ಮೊದಲು ಕೈಹಾಕಿದ್ದು ಸಾಲದ ಸಮಸ್ಯೆಗೆ. 1906ರ ಡಿಸೆಂಬರ್ 27ರಂದು ಗುರು ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಲ್ಲಿ ಸಹಕಾರಿ ಸಂಘ ಕಟ್ಟಿದರು. ಮುಂದೆ ಅದು ದೊಡ್ಡ ಬ್ಯಾಂಕಾಯಿತು. 1904ರ ಕಾಯಿದೆಯಲ್ಲಿ ಸಾಲದ ಸಂಘಗಳಿಗಷ್ಟೇ ಜಾಗ. 1912ರ ಹೊಸ ಕಾಯಿದೆ ಬೇರೆ ಸಂಘಗಳಿಗೂ ಬಾಗಿಲು ತೆರೆಯಿತು. 1915ರಲ್ಲಿ ಮುಂಬಯಿಯ ಗಾಂವದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ನಿರ್ಮಾಣ ಸಂಘ ಹುಟ್ಟಿತು. ಈ ಬಗೆಯಲ್ಲಿ ದೇಶಕ್ಕೇ ಮೊದಲನೆಯದೆಂದು ಇದರ ಖ್ಯಾತಿ.

ಇದರ ಗುಟ್ಟೇನು? ಇಂಗ್ಲೆಂಡಿನ ಈಲಿಂಗ್‌ನಲ್ಲಿ 1901ರಲ್ಲೇ ಬಾಡಿಗೆದಾರರ ಪಾಲುಗಾರಿಕೆ ಶುರುವಾಗಿತ್ತು. ಅದೇ ಪದ್ಧತಿ ಇದು. ಸದಸ್ಯ ಷೇರು ಕೊಳ್ಳಬೇಕು, ಉಳಿದ ಹಣಕ್ಕೆ ಸಂಘ ಸಾಲ ಎತ್ತಬೇಕು. ಕಟ್ಟಡ ಸಂಘದ್ದು, ವಾಸ ಸದಸ್ಯನದು. ಅವನು ಕೊಡುವ ಬಾಡಿಗೆಯಲ್ಲೇ ಸಾಲ ತೀರಬೇಕು, ರಿಪೇರಿಯೂ ಆಗಬೇಕು. ಬಾಡಿಗೆ ಎಷ್ಟು, ನಲ್ಲಿ ಯಾವಾಗ ಸರಿಮಾಡಿಸೋದು ಎಂಬುದನ್ನೆಲ್ಲ ತಾವೇ ಆರಿಸಿದ ಕಮಿಟಿ ತೀರ್ಮಾನಿಸುತ್ತದೆ. ಧಣಿಯೂ ಅವರೇ, ಒಕ್ಕಲೂ ಅವರೇ!

ಹಾಗಂತ ಎಲ್ಲವೂ ಸಲೀಸಲ್ಲ. ಪಕ್ಕದ ಮನೆಯವನ ಬಾಕಿಯನ್ನು ಮುಖ ನೋಡದೆ ವಸೂಲು ಮಾಡಬೇಕಾಗ್ತದೆ. ಇನ್ನೊಂದು ಮಾತು. ಮನೆ ಸಿಕ್ಕಿದ್ದು ಸ್ವಜಾತಿಯವರಿಗೆ. ನಂಬಿಕೆ ಇದ್ದಲ್ಲಿ ಸಾಲ ಹುಟ್ಟುತ್ತೆ ಎಂಬುದು ನಿಜವಾದರೂ, ಬೇಲಿಯ ಹೊರಗಿನ ಬಡವನ ಗತಿಯೇನು? ಈ ಪ್ರಶ್ನೆ ಅಂದೂ ಇತ್ತು, ಇಂದೂ ಇದೆ.

1931ರಲ್ಲಿ ತಾಲ್ಮಕಿ ಸಹಕಾರ ಚಳವಳಿಯ ಬಗ್ಗೆ ಬರೆದ ಇಂಗ್ಲಿಷ್ ಗ್ರಂಥ ಅಚ್ಚಾದದ್ದು ಎಲ್ಲಿ ಗೊತ್ತೇ? ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ! ಮುಂಬಯಿಯ ತಾಡದೇವದಲ್ಲಿ ತಾಲ್ಮಕಿವಾಡಿ ಅವರ ಹೆಸರು ಉಳಿಸಿದೆ.

ಇಲ್ಲಿ ನಮ್ಮ ಹೌಸಿಂಗ್ ಸೊಸೈಟಿಗಳ ಮಹಾಸಭೆಗೆ ಕೋರಂ ಆಗೋದೇ ಕಷ್ಟ. ಟ್ಯಾಂಕ್ ಒಡೆದರೆ ಬೈಯೋಕೆ ಮಾತ್ರ ಎಲ್ಲರೂ ಮುಂದು. ಧಣಿಯಾಗಬೇಕು ಅನ್ನೋರು ಮೊದಲು ಸಭೆಗೆ ಬರಬೇಕು. ತಾಲ್ಮಕಿಯವರ ಬದುಕು ಕಲಿಸೋ ಪಾಠ ಇಷ್ಟೇ.